ಬೆವರಿನ ಋಣ ಉಳಿಸಿಕೊಂಡು ಹುತಾತ್ಮರಿಗೆ ಗೌರವವೇ?

ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ಮದರಸಗಳ ಮತ್ತು ಶಾಲೆಗಳ ವೇದಿಕೆಯಲ್ಲಿ ಒಂದು ಪಟ್ಟಿ ಓದಲ್ಪಡುತ್ತದೆ. ಟಿಪ್ಪು ಸುಲ್ತಾನರಿಂದ ಆರಂಭವಾಗಿ ಅಶ್ಫಾಕುಲ್ಲಾ ಖಾನ್, ಹಸ್ರತ್ ಮೊಹಾನಿ, ಮೌಲಾನಾ ಆಝಾದ್ ಅವರವರೆಗೆ ಹೆಸರುಗಳು ಸಾಲಾಗಿ ಬರುತ್ತವೆ. ಸಭಿಕರು ಚಪ್ಪಾಳೆ ತಟ್ಟುತ್ತಾರೆ, ಮಕ್ಕಳಿಗೆ ಸಿಹಿ ಹಂಚಲಾಗುತ್ತದೆ. ಮರುದಿನ ಆ ಪಟ್ಟಿ ಕಪಾಟು ಸೇರುತ್ತದೆ.

ಅಗಲಿದವರ ಹೆಸರನ್ನು ಸ್ಮರಿಸುವುದು ಒಳ್ಳೆಯದೇ. ಉಪಕಾರ ಮಾಡಿದ ಮನುಷ್ಯರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರನೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಆದರೆ ನಾವು ಈ ಹೆಸರುಗಳನ್ನು ಬಳಸುತ್ತಿರುವ ರೀತಿಯ ಕುರಿತು ಒಮ್ಮೆ ಆತ್ಮಾವಲೋಕನ ಮಾಡಿಕೊಳ್ಳಬೇಕು. ಯಾರಾದರೂ ನಮ್ಮ ದೇಶಪ್ರೇಮವನ್ನು ಪ್ರಶ್ನಿಸಿದಾಗ ಮುಂದಿಡಲು ಒಂದು ಪ್ರಮಾಣಪತ್ರ ಬೇಕು. ಆ ಪ್ರಮಾಣಪತ್ರವಾಗಿ ನಾವು ಹುತಾತ್ಮರನ್ನು ಕಾಣುತ್ತಿದ್ದೇವೆ. ಅವರು ಯಾತಕ್ಕಾಗಿ ಸತ್ತರು, ಯಾರ ಜೊತೆ ಸತ್ತರು, ಅವರು ಬಿಟ್ಟುಹೋದ ಕೆಲಸ ಯಾವುದು ಎಂಬ ಪ್ರಶ್ನೆಗಳು ನಮ್ಮ ಪಟ್ಟಿಯಲ್ಲಿಲ್ಲ.

ಕನ್ನಡ ನಾಡಿನ ಎರಡು ಗಡಿಗಳಲ್ಲಿ ನಡೆದ ಎರಡು ಘಟನೆಗಳು ಈ ಪ್ರಶ್ನೆಗಳಿಗೆ ಉತ್ತರ ಹೇಳುತ್ತವೆ.

ಮೊದಲನೆಯದು ಸೊಲ್ಲಾಪುರದ್ದು. ಶರಣ ಸಿದ್ಧರಾಮರ ಆ ಊರಿನಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಅದು ಬಟ್ಟೆ ಗಿರಣಿಗಳ ನಗರವೂ ಆಗಿತ್ತು. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ತಲುಪಿದಾಗ ಅಲ್ಲಿನ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿ ಬೀದಿಗಿಳಿದರು. ಪೊಲೀಸರ ಗುಂಡಿಗೆ ಜನರು ಬಲಿಯಾದರು, ಜನರ ಆಕ್ರೋಶವೂ ಹಿಂಸೆಗೆ ತಿರುಗಿತು. ಕೆಲವು ದಿನಗಳ ಕಾಲ ನಗರವೇ ಬ್ರಿಟಿಷರ ಕೈತಪ್ಪಿತ್ತು. ಆಮೇಲೆ ಸೇನಾಡಳಿತ ಬಂತು, ಪೊಲೀಸರ ಕೊಲೆಯ ಆರೋಪದ ಮೇಲೆ ಮೊಕದ್ದಮೆ ನಡೆಯಿತು. 1931ರ ಜನವರಿ 12ರಂದು ಪುಣೆಯ ಯರವಡಾ ಸೆರೆಮನೆಯಲ್ಲಿ ನಾಲ್ವರನ್ನು ಗಲ್ಲಿಗೇರಿಸಲಾಯಿತು: ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಮತ್ತು ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್.

ಎರಡನೆಯದು ಕಯ್ಯೂರಿನದ್ದು. ಇಂದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ ಆ ಹಳ್ಳಿ ಅಂದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಜಮೀನ್ದಾರರ ಅಕ್ರಮ ವಸೂಲಿ ಮತ್ತು ಒಕ್ಕಲೆಬ್ಬಿಸುವಿಕೆಯ ವಿರುದ್ಧ ಅಲ್ಲಿನ ಗೇಣಿದಾರರು ರೈತ ಸಂಘ ಕಟ್ಟಿದ್ದರು. 1941ರ ಮಾರ್ಚ್ 28ರಂದು ಅವರ ಮೆರವಣಿಗೆಗೆ ಎದುರಾದ ಸುಬ್ಬರಾಯನ್ ಎಂಬ ಪೊಲೀಸ್ ಪೇದೆ ಜನರಿಂದ ತಪ್ಪಿಸಿಕೊಳ್ಳಲು ಹೊಳೆಗೆ ಹಾರಿ ಮುಳುಗಿ ಸತ್ತನು. ಅದೇ ಕಾರಣವಾಗಿ 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ನಾಲ್ವರು ರೈತ ಯುವಕರನ್ನು ಗಲ್ಲಿಗೇರಿಸಲಾಯಿತು: ಮಠತ್ತಿಲ್ ಅಪ್ಪು, ಕೋಯಿತಾಟಿಲ್ ಚಿರುಕಂಡನ್, ಪೊಡೋರ ಕುಂಞಂಬು ನಾಯರ್ ಮತ್ತು ಪಳ್ಳಿಕ್ಕಲ್ ಅಬೂಬಕ್ಕರ್. ನಿರಂಜನರ 'ಚಿರಸ್ಮರಣೆ' ಕಾದಂಬರಿಯ ವಸ್ತು ಇದೇ. ಮಲಯಾಳದ ಮಣ್ಣಿನ ಈ ರೈತರನ್ನು ಮರೆಯಬಾರದೆಂದು ಒಬ್ಬ ಕನ್ನಡ ಲೇಖಕ ಬರೆದನೆಂಬುದು ನಮ್ಮ ಭಾಷೆಗೆ ಹೆಮ್ಮೆಯ ಸಂಗತಿ.

ಎರಡು ಗಲ್ಲುಗಂಬಗಳು, ತಲಾ ನಾಲ್ಕು ಮಂದಿ. ಪ್ರತಿ ನಾಲ್ವರಲ್ಲಿ ಒಬ್ಬರು ಮುಸ್ಲಿಮರು. ನಮ್ಮ ಪಟ್ಟಿಯ ಅಭ್ಯಾಸವೇನೆಂದರೆ, ಕುರ್ಬಾನ್ ಹುಸೇನರನ್ನೂ ಅಬೂಬಕ್ಕರರನ್ನೂ ಎತ್ತಿಕೊಂಡು ಉಳಿದ ಮೂವರನ್ನು ಬಿಟ್ಟುಬಿಡುವುದು. ಬೇರೆಯವರ ಪಟ್ಟಿಗಳು ಈ ಇಬ್ಬರನ್ನು ಬಿಟ್ಟುಬಿಡುತ್ತವೆ ಎಂದು ನಾವು ದೂರುತ್ತೇವೆ. ಆ ದೂರು ನ್ಯಾಯವಾದದ್ದೇ. ಆದರೆ ಜೊತೆಯಾಗಿ ಸತ್ತವರನ್ನು ಸ್ಮರಣೆಯಲ್ಲಿ ಬೇರ್ಪಡಿಸುವ ಹಕ್ಕು ನಮಗೂ ಇಲ್ಲ.

ಇಲ್ಲಿ ಕೆಲವು ಧಾರ್ಮಿಕ ಮನಸ್ಸುಗಳಲ್ಲಿ ಪ್ರಶ್ನೆಯೊಂದು ಏಳುತ್ತದೆ. ನಮ್ಮ ವಿಶ್ವಾಸವನ್ನು ಹಂಚಿಕೊಳ್ಳದ, ಕೆಲವೊಮ್ಮೆ ಧರ್ಮವನ್ನೇ ಒಪ್ಪದ ಚಳವಳಿಗಳಲ್ಲಿ ದುಡಿದ ನಾಯಕರನ್ನು ಮುಸ್ಲಿಮರು ಗೌರವಿಸಬಹುದೇ? ಈ ಪ್ರಶ್ನೆಗೆ ಪ್ರವಾದಿ ಜೀವನದಲ್ಲಿಯೇ ಉತ್ತರವಿದೆ.

ಮುತ್‌ಇಮ್ ಬಿನ್ ಅದಿಯ್ ಮಕ್ಕಾದ ಒಬ್ಬ ಮುಖಂಡ. ಬನೂ ಹಾಶಿಮ್ ಗೋತ್ರಕ್ಕೆ ಕುರೈಶರು ಬಹಿಷ್ಕಾರ ಹಾಕಿ ಹಸಿವಿನಿಂದ ನರಳಿಸಿದಾಗ, ಆ ಅನ್ಯಾಯದ ಕರಾರನ್ನು ಕೊನೆಗೊಳಿಸಲು ಮುಂದಾದವರಲ್ಲಿ ಆತನೂ ಒಬ್ಬ. ತಾಯಿಫ್‌ನಿಂದ ಗಾಯಗೊಂಡು ಮರಳಿದ ಪ್ರವಾದಿ(ಸ)ಯವರಿಗೆ ಮಕ್ಕಾ ಪ್ರವೇಶಿಸಲು ರಕ್ಷಣೆ ಕೊಟ್ಟವನೂ ಆತನೇ. ಆತ ಇಸ್ಲಾಮ್ ಸ್ವೀಕರಿಸಲಿಲ್ಲ, ಬದ್ರ್ ಯುದ್ಧಕ್ಕೆ ಮುನ್ನವೇ ತೀರಿಕೊಂಡ. ಬದ್ರ್‌ನಲ್ಲಿ ಗೆದ್ದ ಪ್ರವಾದಿ(ಸ)ಯವರು ಕೈದಿಗಳನ್ನು ನೋಡುತ್ತಾ, ಮುತ್‌ಇಮ್ ಇಂದು ಬದುಕಿದ್ದು ಇವರ ಪರವಾಗಿ ಮಾತಾಡಿದ್ದರೆ ಆತನಿಗಾಗಿ ಇವರೆಲ್ಲರನ್ನೂ ಬಿಟ್ಟುಬಿಡುತ್ತಿದ್ದೆ ಎಂಬರ್ಥದ ಮಾತನಾಡಿದರೆಂದು ಬುಖಾರಿಯ ವರದಿಯಲ್ಲಿದೆ. ಸತ್ತುಹೋದ, ತನ್ನ ಧರ್ಮಕ್ಕೆ ಸೇರದ ವ್ಯಕ್ತಿಯ ನ್ಯಾಯಪರತೆಗೆ ಸಲ್ಲಿಸಿದ ಗೌರವವಿದು.

ಒಂದು ಶವಯಾತ್ರೆ ಹಾದುಹೋದಾಗ ಪ್ರವಾದಿ(ಸ)ಯವರು ಎದ್ದುನಿಂತರು. ಅದು ಯಹೂದಿಯ ಶವವೆಂದು ಅನುಚರರು ಹೇಳಿದಾಗ, ಅದೂ ಒಂದು ಜೀವವಲ್ಲವೇ ಎಂದು ಅವರು ಮರುಪ್ರಶ್ನಿಸಿದರು. ಅಗಲಿದವರ ಪರಲೋಕದ ತೀರ್ಮಾನ ಅಲ್ಲಾಹನಿಗೆ ಮಾತ್ರ ಸೇರಿದ್ದು. ಅವರು ಇಹಲೋಕದಲ್ಲಿ ಮಾಡಿದ ನ್ಯಾಯಕ್ಕೆ ಸಾಕ್ಷಿ ಹೇಳುವ ಹೊಣೆ ನಮ್ಮದು. ಇದೇ ಪಾಠ ಕಯ್ಯೂರಿನ ಹೊಳೆಯಲ್ಲಿ ಮುಳುಗಿದ ಪೇದೆಗೂ, ಸೊಲ್ಲಾಪುರದಲ್ಲಿ ಸತ್ತ ಪೊಲೀಸರಿಗೂ ಅನ್ವಯಿಸುತ್ತದೆ. ಅವೂ ಜೀವಗಳೇ. ಹುತಾತ್ಮರನ್ನು ಗೌರವಿಸುವವರು ಆ ಸಾವುಗಳನ್ನು ಕಥೆಯಿಂದ ಅಳಿಸಿಹಾಕಬಾರದು. ಸತ್ಯವನ್ನು ಮುಚ್ಚಿಟ್ಟು ಕಟ್ಟಿದ ಗೌರವ ಹೆಚ್ಚು ಕಾಲ ನಿಲ್ಲುವುದಿಲ್ಲ.

ಹಾಗಾದರೆ ಗೌರವಿಸುವುದು ಹೇಗೆ? ಪ್ರತಿಮೆ ನಿಲ್ಲಿಸುವುದು, ಭಾವಚಿತ್ರಕ್ಕೆ ಹಾರ ಹಾಕುವುದು ನಮ್ಮ ಸಂಪ್ರದಾಯವಲ್ಲ. ಆದರೆ ಅದು ನಮ್ಮ ಸಂಪ್ರದಾಯವಲ್ಲ ಎಂದಷ್ಟೇ ಹೇಳಿ ಕೈತೊಳೆದುಕೊಂಡರೆ ಹೊಣೆ ಮುಗಿಯುವುದಿಲ್ಲ. ಮದೀನಾದ ಮಸೀದಿಯನ್ನು ಗುಡಿಸುತ್ತಿದ್ದ ಒಬ್ಬ ಕಪ್ಪು ಮಹಿಳೆಯ ಘಟನೆ ನಮಗೆಲ್ಲ ತಿಳಿದದ್ದೇ. ಅವರು ತೀರಿಕೊಂಡಾಗ, ಅದೇನೂ ದೊಡ್ಡ ವಿಷಯವಲ್ಲವೆಂದು ಭಾವಿಸಿ ಅನುಚರರು ಪ್ರವಾದಿ(ಸ)ಯವರಿಗೆ ತಿಳಿಸದೆಯೇ ದಫನ ಮಾಡಿದರು. ಆಕೆ ಕಾಣುತ್ತಿಲ್ಲವೆಂದು ಪ್ರವಾದಿ(ಸ)ಯವರೇ ವಿಚಾರಿಸಿದರು. ನನಗೇಕೆ ತಿಳಿಸಲಿಲ್ಲವೆಂದು ಕೇಳಿ, ಗೋರಿಯನ್ನು ತೋರಿಸುವಂತೆ ಹೇಳಿ, ಅಲ್ಲಿಗೆ ಹೋಗಿ ಪ್ರಾರ್ಥಿಸಿದರು. ದುಡಿಯುವ ಕೈಯ ಸಾವನ್ನು ಸಣ್ಣದೆಂದು ಎಣಿಸಿದ ಸಮಾಜವನ್ನು ಅವರು ತಿದ್ದಿದ ರೀತಿಯಿದು.

ಇಸ್ಲಾಮಿನಲ್ಲಿ ಅಗಲಿದವರಿಗೆ ಸಲ್ಲಿಸುವ ಮೊದಲ ಸೇವೆಗಳಲ್ಲಿ ಒಂದು ಅವರ ಸಾಲವನ್ನು ತೀರಿಸುವುದು. ಆಸ್ತಿ ಹಂಚುವುದಕ್ಕೂ ಮುನ್ನ ಸಾಲ ತೀರಬೇಕೆಂಬುದು ಕುರ್‌ಆನಿನ ಆದೇಶ. ಕಾರ್ಮಿಕ ನಾಯಕರ ಮತ್ತು ಸ್ವಾತಂತ್ರ್ಯ ಹೋರಾಟಗಾರರ ವಿಷಯದಲ್ಲಿ ಸಾಲಗಾರರು ನಾವೇ. ಅವರು ಗಳಿಸಿಕೊಟ್ಟ ಆಸ್ತಿಯನ್ನು, ಅಂದರೆ ಮತದ ಹಕ್ಕನ್ನು, ವಾರದ ರಜೆಯನ್ನು, ನಿಗದಿತ ಕೆಲಸದ ಅವಧಿಯನ್ನು, ಕನಿಷ್ಠ ವೇತನದಂತಹ ರಕ್ಷಣೆಯನ್ನು ಹಂಚಿಕೊಂಡು ಅನುಭವಿಸುತ್ತಿದ್ದೇವೆ. ಅವರಿಗೆ ಸಲ್ಲಬೇಕಾದ ಸಾಲವನ್ನು ಮಾತ್ರ ಮರೆತಿದ್ದೇವೆ. ಗತಿಸಿಹೋದ ಸಮುದಾಯದ ಗಳಿಕೆ ಅದಕ್ಕೆ, ನಿಮ್ಮ ಗಳಿಕೆ ನಿಮಗೆ ಎಂಬ ಆಶಯವನ್ನು ಕುರ್‌ಆನ್ ಅಲ್ ಬಕರ ಅಧ್ಯಾಯದಲ್ಲಿ ಎರಡು ಬಾರಿ ಹೇಳುತ್ತದೆ. ಪೂರ್ವಜರ ತ್ಯಾಗ ನಮ್ಮ ಖಾತೆಗೆ ಜಮೆಯಾಗುವುದಿಲ್ಲ.

ಸೊಲ್ಲಾಪುರವೂ ಕಯ್ಯೂರೂ ನಾನಿರುವ ಬೈರಮಂಗಲದಿಂದ ಬಹುದೂರ. ಆದರೆ ಅಲ್ಲಿನ ಪ್ರಶ್ನೆಗಳು ಇಲ್ಲಿಗೆ ದೂರದವಲ್ಲ. ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತ ವೃಷಭಾವತಿ ಬಂದು ನಿಲ್ಲುವುದು ಬೈರಮಂಗಲದ ಕೆರೆಯಲ್ಲಿ. ಆ ಕೆರೆಯ ಕೆಳಗಿನ ರೈತ ಅದೇ ನೀರನ್ನು ತನ್ನ ಹೊಲಕ್ಕೆ ಹಾಯಿಸುತ್ತಾನೆ. ಬಿಡದಿಯ ಉಪನಗರ ಯೋಜನೆಗೆ ಭೂಮಿ ಕೊಡಲೊಪ್ಪದ ರೈತರು ಇಲ್ಲಿ ಧರಣಿ ಕುಳಿತಿದ್ದಾರೆ. ಪಕ್ಕದ ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಸಾವಿರಾರು ಯುವಕರು ಪಾಳಿಯಲ್ಲಿ ದುಡಿಯುತ್ತಾರೆ. 2023ರಲ್ಲಿ ನಮ್ಮ ರಾಜ್ಯವು ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಗಳ ಮಿತಿಯೊಳಗೆ ದಿನಕ್ಕೆ 12 ಗಂಟೆಗಳವರೆಗೆ ದುಡಿಸಲು ಅವಕಾಶ ಕೊಟ್ಟಿತು. ಕೆಲಸದ ಅವಧಿಗಾಗಿ ಜಗತ್ತಿನಾದ್ಯಂತ ಕಾರ್ಮಿಕರು ತಲೆಮಾರುಗಳ ಕಾಲ ಹೋರಾಡಿದ್ದರು. ಈ ತಿದ್ದುಪಡಿಯ ಬಗ್ಗೆ ನಮ್ಮ ಎಷ್ಟು ಸಭೆಗಳಲ್ಲಿ ಚರ್ಚೆ ನಡೆಯಿತು?

ಸರಕಾರವನ್ನು ಪ್ರಶ್ನಿಸುವುದು ಸುಲಭ. ಇನ್ನೊಂದು ಪ್ರಶ್ನೆ ನಮ್ಮ ಮನೆಯೊಳಗಿನದು. ರಾಮನಗರವು ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಅಲ್ಲಿ ನೂಲು ಬಿಚ್ಚಾಣಿಕೆಯ ಘಟಕಗಳ ಮಾಲೀಕರಲ್ಲಿ ಅನೇಕರು ಮುಸ್ಲಿಮರು, ಕುದಿಯುವ ನೀರಿನ ಮುಂದೆ ನಿಂತು ಗೂಡಿನಿಂದ ಎಳೆ ಹಿಡಿಯುವ ಕೈಗಳಲ್ಲಿಯೂ ಅನೇಕವು ಮುಸ್ಲಿಮರವೇ. ಬಿಸಿನೀರಿನಿಂದ ಬೆಂದ ಬೆರಳುಗಳು, ಆವಿ ಮತ್ತು ವಾಸನೆಯಿಂದ ಹದಗೆಟ್ಟ ಶ್ವಾಸಕೋಶಗಳು ಈ ಕಸುಬಿನ ಹಳೆಯ ಸಂಗಾತಿಗಳು. ಮುಂಗಡ ಸಾಲದ ನೆಪದಲ್ಲಿ ಮಕ್ಕಳನ್ನೂ ಈ ಬಾಣಲೆಗಳ ಮುಂದೆ ನಿಲ್ಲಿಸಿದ ಕಾಲವಿತ್ತು. ಪ್ರಾಮಾಣಿಕವಾಗಿ ಕೂಲಿ ಕೊಡುವ ಮಾಲೀಕರು ಇದ್ದಾರೆ; ಮಾರುಕಟ್ಟೆಯ ಏರಿಳಿತದಲ್ಲಿ ಅವರೂ ನಲುಗುತ್ತಾರೆ. ಆದರೂ ಕೇಳಲೇಬೇಕಾದ ಮಾತಿದೆ: ಕೂಲಿಯನ್ನು ತಿಂಗಳುಗಟ್ಟಲೆ ತಡೆಹಿಡಿದು, ಆಗಸ್ಟ್ 15ರಂದು ಹುತಾತ್ಮರ ಹೆಸರಿನಲ್ಲಿ ಸಿಹಿ ಹಂಚಿದರೆ ಅದು ಯಾರಿಗೆ ಸಲ್ಲಿಸಿದ ಗೌರವ?

ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಲ್ಲಿ ತಾನೇ ವಾದಿಯಾಗಿ ನಿಲ್ಲುವೆನೆಂದು ಅಲ್ಲಾಹನು ಎಚ್ಚರಿಸಿದ್ದನ್ನು ಪ್ರವಾದಿ(ಸ)ಯವರು ನಮಗೆ ತಲುಪಿಸಿದ್ದಾರೆ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಅವರ ಆದೇಶವನ್ನು ನಾವು ಮಕ್ಕಳಿಗೆ ಕಂಠಪಾಠ ಮಾಡಿಸುತ್ತೇವೆ. ನುಬುವ್ವತ್‌ಗೆ ಮುನ್ನ, ಸುಮಾರು ಇಪ್ಪತ್ತರ ಪ್ರಾಯದಲ್ಲಿ ಅವರು ಪಾಲ್ಗೊಂಡ ಹಿಲ್ಫುಲ್ ಫುಝೂಲ್ ಒಪ್ಪಂದದ ಹಿನ್ನೆಲೆಯೂ ಬಾಕಿಯೇ ಆಗಿತ್ತು. ಮಕ್ಕಾದ ಪ್ರಬಲನೊಬ್ಬ ಸರಕು ಪಡೆದು, ಪರವೂರಿನ ವ್ಯಾಪಾರಿಗೆ ಹಣ ಕೊಡದೆ ಸತಾಯಿಸಿದ್ದ. ಯಾವ ಗೋತ್ರದವನಾದರೂ ಸರಿ, ಪೀಡಿತನ ಹಕ್ಕು ಸಿಗುವವರೆಗೆ ಒಂದಾಗಿ ನಿಲ್ಲುವೆವೆಂದು ಕೆಲವರು ಅಬ್ದುಲ್ಲಾ ಬಿನ್ ಜುದ್‌ಆನ್‌ನ ಮನೆಯಲ್ಲಿ ಪ್ರತಿಜ್ಞೆ ಮಾಡಿದರು. ಪ್ರವಾದಿಯಾದ ಬಳಿಕವೂ, ಅಂತಹ ಒಪ್ಪಂದಕ್ಕೆ ಕರೆದರೆ ಈಗಲೂ ಓಗೊಡುವೆನೆಂದು ಅವರು ಸ್ಮರಿಸುತ್ತಿದ್ದರು. ಗತಕಾಲದ ಒಂದು ನ್ಯಾಯದ ಹೋರಾಟವನ್ನು ನೆನೆಯುವ ಸುನ್ನತ್ ಇದು: ಮತ್ತೆ ಕರೆ ಬಂದರೆ ಎದ್ದು ಹೋಗಲು ಸಿದ್ಧನಿರುವುದು.

ಹಸ್ರತ್ ಮೊಹಾನಿಯವರು ಇದನ್ನು ಬದುಕಿ ತೋರಿಸಿದರು. 1921ರಲ್ಲಿ ಅಹ್ಮದಾಬಾದ್ ಕಾಂಗ್ರೆಸ್ ಅಧಿವೇಶನದಲ್ಲಿ ಪೂರ್ಣ ಸ್ವಾತಂತ್ರ್ಯದ ಬೇಡಿಕೆ ಮಂಡಿಸಿದವರು, 1925ರಲ್ಲಿ ಕಾನ್ಪುರದಲ್ಲಿ ನಡೆದ ಕಮ್ಯುನಿಸ್ಟ್ ಸಮ್ಮೇಳನದ ಸ್ವಾಗತ ಸಮಿತಿಗೆ ಅಧ್ಯಕ್ಷರಾದವರು ಅವರೇ. ಹಲವು ಬಾರಿ ಹಜ್ಜ್ ನಿರ್ವಹಿಸಿದವರೂ ಅವರೇ. ಅವರ ಎಲ್ಲ ರಾಜಕೀಯ ನಿಲುವುಗಳನ್ನು ನಾವು ಒಪ್ಪಬೇಕಿಲ್ಲ. ಆದರೆ ನಮಾಝಿನ ಸಫ್ಫು ಮತ್ತು ಕಾರ್ಮಿಕರ ಸಾಲು ಅವರಿಗೆ ಪರಸ್ಪರ ವಿರುದ್ಧವಾಗಿ ಕಾಣಲಿಲ್ಲ ಎಂಬುದನ್ನು ಗಮನಿಸಬೇಕು.

ಹಾಗಾಗಿ ನಮ್ಮ ಜಮಾಅತ್‌ಗಳ ಮುಂದೆ ಕೆಲವು ಸರಳ ಸಲಹೆಗಳನ್ನು ಇಡಬಯಸುತ್ತೇನೆ. ಜನವರಿ 12ರ ಮತ್ತು ಮಾರ್ಚ್ 29ರ ಆಸುಪಾಸಿನ ತರಗತಿಗಳಲ್ಲಿ ನಾಲ್ಕು ಹೆಸರುಗಳನ್ನು ನಾಲ್ಕಾಗಿಯೇ ಮಕ್ಕಳಿಗೆ ಹೇಳಿಕೊಡೋಣ. ಮೇ 1ಕ್ಕೆ ಸಮೀಪದ ಶುಕ್ರವಾರದ ಖುತ್ಬಾ ಕೂಲಿಯ ಹಕ್ಕಿನ ಕುರಿತಾಗಿರಲಿ. ಮಸೀದಿ ಸಮಿತಿಗಳು ವ್ಯಾಜ್ಯ ತೀರ್ಮಾನಕ್ಕೆ ಕುಳಿತಾಗ ನಿಕಾಹ್ ಮತ್ತು ತಲಾಕ್‌ನಷ್ಟೇ ಗಂಭೀರವಾಗಿ ಬಾಕಿ ಕೂಲಿಯ ದೂರನ್ನೂ ಆಲಿಸಲಿ. ಮೊದಲ ವಿಚಾರಣೆ ಮಸೀದಿಯದ್ದೇ ಆಗಲಿ: ಐದು ಹೊತ್ತು ಅಝಾನ್ ಕೊಡುವ ಮುಅದ್ಸಿನರಿಗೆ, ವುಝೂ ಸ್ಥಳವನ್ನು ತೊಳೆಯುವವರಿಗೆ, ಮಕ್ಕಳಿಗೆ ಅಕ್ಷರ ಕಲಿಸುವ ಉಸ್ತಾದರಿಗೆ ನಾವು ಕೊಡುವ ಸಂಬಳದಲ್ಲಿ ಒಂದು ಸಂಸಾರ ನಡೆಯುತ್ತದೆಯೇ? ಮಿನಾರಕ್ಕೆ ಸಂಗ್ರಹವಾಗುವ ಹಣದ ಪಕ್ಕದಲ್ಲಿ ಆ ಲೆಕ್ಕವನ್ನಿಟ್ಟು ನೋಡೋಣ.

ನಮ್ಮೂರುಗಳ ಹಿರಿಯ ರೇಷ್ಮೆ ಕಾರ್ಮಿಕರು, ಬೀಡಿ ಕಟ್ಟಿದ ತಾಯಂದಿರು, ಸಂಘ ಕಟ್ಟಲು ಓಡಾಡಿದ ಅಜ್ಜಂದಿರು ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ. ಅವರ ಜನಾಝಕ್ಕೆ ನಾವು ಹೆಗಲು ಕೊಡುತ್ತೇವೆ, ಅವರ ಬದುಕಿನ ಕಥೆಯನ್ನು ಮಾತ್ರ ಕೇಳಿಟ್ಟುಕೊಳ್ಳುವುದಿಲ್ಲ. ಕಾಲೇಜು ಓದುವ ಮಕ್ಕಳು ಅವರ ಬಳಿ ಕುಳಿತು ಅದನ್ನು ಬರೆದಿಡಲಿ. ಮಸೀದಿ ಗುಡಿಸಿದ ಆ ಮಹಿಳೆಯನ್ನು ಪ್ರವಾದಿ(ಸ)ಯವರು ವಿಚಾರಿಸಿದಂತೆ ನಾವೂ ವಿಚಾರಿಸೋಣ.

ಅನ್ಯಾಯದ ಮುಂದೆ ತಲೆಬಾಗದೆ ಅಗಲಿದವರಿಗೆ ಕೃತಜ್ಞರಾಗುವ ಮನಸ್ಸನ್ನು ಅಲ್ಲಾಹನು ನಮಗೆ ಕೊಡಲಿ. ನಮ್ಮ ಕೈಯಲ್ಲಿ ಯಾವ ಶ್ರಮಿಕನ ಹಕ್ಕೂ ಬಾಕಿ ಉಳಿಯದಂತೆ ಅವನು ನಮ್ಮನ್ನು ಕಾಪಾಡಲಿ. ಆಮೀನ್.