ಆಧಾರ್ ಫೋಟೊ ಸಾಕೇ ನಮ್ಮಜ್ಜಿಗೆ?

ಹೋದ ಮಳೆಗಾಲದಲ್ಲಿ ನಮ್ಮ ಓಣಿಯ ಅಜ್ಜಿಯೊಬ್ಬರು ತೀರಿಕೊಂಡರು. ಹನ್ನೊಂದನೇ ದಿನಕ್ಕೆ ಫ್ಲೆಕ್ಸ್ ಮಾಡಿಸಬೇಕು, ಫೋಟೊ ಬೇಕು. ಮನೆಯಲ್ಲಿ ನಾಲ್ಕು ಫೋನ್ ಇದ್ದವು. ಮೊಮ್ಮಗ ಅಜ್ಜಿಯ ಫೋಟೊ ತೆಗೆದಿದ್ದ ಫೋನ್ ನೀರಿನ ತೊಟ್ಟಿಗೆ ಬಿದ್ದು ಕೆಟ್ಟು ವರ್ಷವಾಗಿತ್ತು. ಸೊಸೆ ತನ್ನ ಫೋನಿನಲ್ಲಿ ಜಾಗ ಸಾಲದೆ ಹಳೆಯದನ್ನೆಲ್ಲ ಅಳಿಸಿದ್ದರು. ಕೊನೆಗೆ ಆಧಾರ್ ಕಾರ್ಡಿನ ಫೋಟೊವನ್ನೇ ಹಿಗ್ಗಿಸಿ ಹಾಕಿಸಿದರು. ಬೆದರಿದ ಕಣ್ಣು, ಬಿಗಿದ ತುಟಿ. "ಇದು ನಮ್ಮಜ್ಜಿ ಥರಾನೇ ಇಲ್ಲ" ಎಂದು ಮರಿಮೊಮ್ಮಗಳು ಅತ್ತಳು.

ನಿಮ್ಮೂರ ಬಸ್ ಸ್ಟ್ಯಾಂಡಿನ ಶ್ರದ್ಧಾಂಜಲಿ ಫ್ಲೆಕ್ಸ್‌ಗಳನ್ನು ಒಮ್ಮೆ ನಿಂತು ನೋಡಿ. ಆಧಾರ್ ಮುಖಗಳು ಎಷ್ಟಿವೆ, ಮದುವೆ ಗುಂಪಿನಿಂದ ಕತ್ತರಿಸಿ ತೆಗೆದ, ಪಕ್ಕದವರ ಭುಜ ಹಾಗೇ ಉಳಿದ ಮುಖಗಳು ಎಷ್ಟಿವೆ ಅಂತ ಗೊತ್ತಾಗುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ, ಮನೆಗೊಂದು ಕೈಯಲ್ಲಿ ಮಾಡಿದ ಚಿಕ್ಕ ಆಲ್ಬಂ ಬೇಕು. ಕೇಳಿದವರು ನಗುತ್ತಾರೆ. "ಸ್ಕ್ರ್ಯಾಪ್‌ಬುಕ್ ಅಂದರೆ ಪೇಟೆಯ ಕಾಲೇಜು ಹುಡುಗಿಯರು ಬರ್ತ್‌ಡೇಗೆ ಮಾಡೋದು, ನಮಗೆಲ್ಲಿ ಪುರುಸೊತ್ತು?" ಅನ್ನುತ್ತಾರೆ. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಆನ್‌ಲೈನಿನಲ್ಲಿ ಸಿಗುವ ಕಿಟ್‌ಗಳನ್ನು ನೋಡಿದರೆ ನನಗೂ ತಲೆ ತಿರುಗುತ್ತದೆ. ಬಣ್ಣದ ಹಾಳೆ, ಸ್ಟಿಕ್ಕರ್, ರಬ್ಬರ್ ಸ್ಟ್ಯಾಂಪ್, ಹೊಳೆಯುವ ಟೇಪ್, ಎಲ್ಲ ಸೇರಿ ಕೂಲಿಯವರ ಎರಡು ಮೂರು ದಿನದ ದುಡಿಮೆ. ಸ್ಟ್ಯಾಂಪಿನಲ್ಲಿ ಇರುವುದು ಐಫೆಲ್ ಗೋಪುರ, ಮೇಪಲ್ ಎಲೆ. ನಮ್ಮ ಹಿತ್ತಲಿನಲ್ಲಿ ಮೇಪಲ್ ಯಾವಾಗ ಬೆಳೆದಿತ್ತು? ಇದರ ಜೊತೆಗೆ "ಮನೆಯಲ್ಲೇ ಕಾರ್ಡ್ ಮಾಡಿ ತಿಂಗಳಿಗೆ ಇಷ್ಟು ಸಾವಿರ ಗಳಿಸಿ" ಎಂಬ ಜಾಹೀರಾತು ಬೇರೆ. ಕಾರ್ಡ್ ಕೊಳ್ಳುವವರು ಯಾರು ಅಂತ ಕೇಳಿದರೆ ಅದಕ್ಕೆ ಉತ್ತರ ಇರುವುದಿಲ್ಲ. ಸಂಘದ ಹೆಣ್ಣುಮಕ್ಕಳು ಈ ಆಸೆಗೆ ಸಾಲ ಮಾಡಬಾರದು.

ಮಾರುವಂಥ ಕಾರ್ಡ್ ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಮದುವೆಮನೆಯ ಗೋಡೆಗೆ ಬರೆಯುತ್ತಿದ್ದ ಚಿತ್ತಾರ ಈಗ ಕಾಗದಕ್ಕೂ ಕಾರ್ಡಿಗೂ ಇಳಿದಿದೆ. ಕೆಮ್ಮಣ್ಣು, ಅಕ್ಕಿಯ ಬಿಳಿ, ಅಕ್ಕಿ ಹುರಿದು ಕರಕಲು ಮಾಡಿ ತೆಗೆದ ಕಪ್ಪು, ಪುಂಡಿನಾರಿನ ಕುಂಚ. ಅದನ್ನು ಜನ ಕೊಳ್ಳುತ್ತಾರೆ, ಯಾಕೆಂದರೆ ಅದು ಯಾವ ಕಿಟ್ಟಿನಲ್ಲೂ ಸಿಗುವುದಿಲ್ಲ.

ನಾನು ಹೇಳುವ ಆಲ್ಬಂಗೆ ಬೇಕಾದದ್ದು ಒಂದು ಚಾರ್ಟ್ ಶೀಟ್. ಅಂಗಡಿಯ ಚಾರ್ಟ್ ಸಾಮಾನ್ಯವಾಗಿ 22 ಇಂಚು ಅಗಲ, 28 ಇಂಚು ಉದ್ದ ಇರುತ್ತದೆ. ಉದ್ದಕ್ಕೆ 7 ಇಂಚಿನ ಪಟ್ಟಿ ಕತ್ತರಿಸಿ, ಮೂರು ಪಟ್ಟಿ ಬರುತ್ತದೆ. ಒಂದು ಪಟ್ಟಿಯನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚಿ, ಆಮೇಲೆ ಬೀಸಣಿಗೆಯ ಹಾಗೆ ಹಿಂದೆ ಮುಂದೆ ಮಡಚಿ. 7 ಇಂಚಿನ ನಾಲ್ಕು ಚೌಕ ಸಿಗುತ್ತದೆ. ಹೊರಗೆ ಬರುವ ಎರಡು ಮುಖಕ್ಕೆ ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದ ಅಂಟಿಸಿದರೆ ರಟ್ಟು ಆಯಿತು. ಒಳಗೆ ಆರು ಮುಖ ಉಳಿಯುತ್ತದೆ. 4 ಇಂಚು ಅಗಲ, 6 ಇಂಚು ಎತ್ತರದ ಫೋಟೊ ಇಟ್ಟು ಪಕ್ಕದಲ್ಲಿ ಬರೆಯಲು ಜಾಗವೂ ಇರುತ್ತದೆ.

ಫೋಟೊದ ಹಿಂದೆ ಫೆವಿಕಾಲ್ ಬಳಿಯಬೇಡಿ, ಸುಕ್ಕಾಗುತ್ತದೆ, ಮುಂದೆ ಬೇಕೆಂದರೆ ಹರಿಯದೆ ಬಿಡಿಸಲು ಬರುವುದಿಲ್ಲ. ಹಿಂದಿನ ಕಪ್ಪು ಹಾಳೆಯ ಆಲ್ಬಂಗಳಲ್ಲಿ ನಾಲ್ಕು ಮೂಲೆಗೂ ತ್ರಿಕೋನದ ಕಾಗದ ಇರುತ್ತಿತ್ತು, ನೆನಪಿದೆಯಾ? ಫೋಟೊವನ್ನು ಅದರೊಳಗೆ ತೂರಿಸುತ್ತಿದ್ದರು. ಆ ಫೋಟೊಗಳು ಇವತ್ತಿಗೂ ಚೆನ್ನಾಗಿವೆ. ಆಮೇಲೆ ಬಂದ, ಪ್ಲಾಸ್ಟಿಕ್ ಎತ್ತಿ ಅಂಟಿಸುವ ಆಲ್ಬಂಗಳು ಎಷ್ಟೋ ಮದುವೆ ಫೋಟೊಗಳನ್ನು ಕಲೆ ಮಾಡಿ ಹಾಕಿದವು. ಆ ಮೂಲೆಗಳನ್ನು ಬಿಳಿ ಲಕೋಟೆಯಿಂದ ಕತ್ತರಿಸಿಕೊಳ್ಳಬಹುದು. ಪೇಪರ್ ಕಟಿಂಗ್ ಇದ್ದರೆ ಫೋಟೊಗೆ ತಾಗದಂತೆ ಬೇರೆ ಮುಖದಲ್ಲಿ ಇಡಿ, ನ್ಯೂಸ್‌ಪ್ರಿಂಟ್ ಬೇಗ ಹಳದಿಯಾಗಿ ಪುಡಿಯಾಗುತ್ತದೆ. ಮೈದಾ ಅಂಟು ಕಾಸಿದರೆ ಬೆಳ್ಳಿಮೀನು ಹುಳ ಬರುತ್ತದೆ. ಬೈಂಡಿಂಗಿನವರು ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು, ಆದರೆ ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ.

ಅಚ್ಚಿಗೆ ಬೆಂಡೆಕಾಯಿ ಇದೆಯಲ್ಲ. ಅಡ್ಡ ಕತ್ತರಿಸಿ ಬಣ್ಣಕ್ಕೆ ಅದ್ದಿ ಒತ್ತಿದರೆ ಹೂವು. ರಂಗೋಲಿಯ ತೂತಿನ ತಟ್ಟೆಯೂ ಆಗುತ್ತದೆ. ಅರಿಶಿನ ಬೆಳಕಿಗೆ ಬೇಗ ಮಾಸುತ್ತದೆ, ಕೆಮ್ಮಣ್ಣು ಮಾಸುವುದಿಲ್ಲ.

ಕಷ್ಟ ಇರುವುದು ಕತ್ತರಿ ಕೆಲಸದಲ್ಲಲ್ಲ, ಸಾವಿರ ಫೋಟೊದಲ್ಲಿ ಆರು ಆರಿಸುವುದರಲ್ಲಿ. ಫೋನ್ ತುಂಬುತ್ತಿರುವುದು ಯಾವುದರಿಂದ ಅಂತ ನೋಡಿದ್ದೀರಾ? ನನ್ನ ಫೋನಿನಲ್ಲಿ ಅರ್ಧಕ್ಕರ್ಧ ಶುಭೋದಯ, ಹಬ್ಬದ ಶುಭಾಶಯ, ದೇವರ ಪಟ. ಒಬ್ಬರು ಮಾಡಿದ್ದನ್ನು ನೂರು ಜನ ದಾಟಿಸಿದ್ದು. ಈ ಚಾಳಿ ಹೊಸದೇನಲ್ಲ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್‌ಗೆ ಕ್ರಿಸ್‌ಮಸ್ಸಿಗೆ ಬಂದ ಪತ್ರಗಳಿಗೆಲ್ಲ ಉತ್ತರ ಬರೆಯಲು ಪುರುಸೊತ್ತಿರಲಿಲ್ಲ. ಚಿತ್ರಕಾರ ಹಾರ್ಸ್ಲಿಯಿಂದ ಒಂದು ಚಿತ್ರ ಬರೆಸಿ ಅಚ್ಚು ಹಾಕಿಸಿದ, ಮಾರಾಟದ ಕ್ರಿಸ್‌ಮಸ್ ಕಾರ್ಡ್ ಹುಟ್ಟಿದ್ದು ಹಾಗೆ. ಆದರೂ ಅದಕ್ಕೆ ಹೆಸರು ಬರೆದು ಅಂಚೆಗೆ ಹಾಕಬೇಕಿತ್ತು. ಈಗ ಅದೂ ಇಲ್ಲ. ದಾಟಿಸಿದ ಶುಭಾಶಯಕ್ಕೆ ಜಾಗ ಮಾಡಿಕೊಡಲು ನಾವು ಅಜ್ಜಿಯ ಫೋಟೊ ಅಳಿಸುತ್ತಿದ್ದೇವೆ.

ದುಬಾರಿ ಮದುವೆ ಆಲ್ಬಂ ಇದೆಯಲ್ಲ ಎನ್ನಬಹುದು. ಬೀರುವಿನಲ್ಲಿರುವ ಅದನ್ನು ತೆರೆದು ನೋಡಿ. ಸ್ಟೇಜಿನ ಮೇಲೆ ಹತ್ತಿದವರಷ್ಟೇ ಅದರಲ್ಲಿದ್ದಾರೆ. ಒಲೆ ಮುಂದೆ ಕೂತು ಊರಿಗೆಲ್ಲ ಬಡಿಸಿದ ಅತ್ತೆ, ಚಪ್ಪರ ಹಾಕಿದ ಚಿಕ್ಕಪ್ಪ, ಹೊಲ, ಎತ್ತು ಯಾವುದೂ ಇಲ್ಲ.

ಇನ್ನೊಂದು ಮಾತು. ಹೆಸರು ಬರೆಯದ ಫೋಟೊ ಎರಡು ತಲೆಮಾರಿಗೆ ಅನಾಥ. ಯಾರು, ಯಾವ ಊರು, ಯಾವ ವರ್ಷ, ಇಷ್ಟನ್ನು ಪಕ್ಕದಲ್ಲಿ ಬರೆಯಿರಿ. ಫೋಟೊದ ಬೆನ್ನಿಗೆ ಬಾಲ್‌ಪೆನ್ ಒತ್ತಿ ಬರೆದರೆ ಮುಂದೆ ಗೆರೆ ಮೂಡುತ್ತದೆ. ಬರೆಯಲು ಬಾರದ ಹಿರಿಯರಿದ್ದರೆ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಮಕ್ಕಳು ಬರೆಯಲಿ. ಶಾಲೆಯವರು ಅಂಗಡಿಯಿಂದ ಪ್ರಾಜೆಕ್ಟ್ ಮಾಡಿಸಿ ತನ್ನಿ ಅನ್ನುವ ಬದಲು ಇದನ್ನು ಮಾಡಿಸಿದರೆ ಒಂದು ಊರಿನ ಅರ್ಧ ಚರಿತ್ರೆ ಸಿಗುತ್ತದೆ.

ದೀಪಾವಳಿ ರಜೆಯಲ್ಲಿ ನಮ್ಮ ದೊಡ್ಡಮ್ಮನನ್ನು ಕೂರಿಸಿಕೊಂಡು ಒಂದು ಮಾಡಿದೆ. ಪೇಟೆಯ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದ ಇಪ್ಪತ್ತು ಫೋಟೊ ಮುಂದೆ ಹರಡಿದೆ. ನಾನು ಅವರ ಮಗನ ಮದುವೆಯದನ್ನು ಎತ್ತಿಟ್ಟರೆ ಅವರು ಅದನ್ನು ಬದಿಗೆ ಸರಿಸಿ ಮಾರಿದ ಎಮ್ಮೆಯ ಫೋಟೊ ಮೊದಲು ಎತ್ತಿಕೊಂಡರು. "ಇದರ ಹಾಲಲ್ಲೇ ನೀನು ಓದಿದ್ದು ಮಗಾ, ಬರಿ" ಎಂದರು. ಬರೆದೆ. ಕೆಳಗೆ ಸಹಿ ಹಾಕಿ ಅಂದರೆ ಸ್ಟ್ಯಾಂಪ್ ಪ್ಯಾಡ್ ಎಲ್ಲಿ ಅಂತ ಕೇಳಿದರು. ರೇಷನ್ನಿಗೆ, ಬ್ಯಾಂಕಿಗೆ, ಹೊಲದ ಪತ್ರಕ್ಕೆ ಒತ್ತಿ ಒತ್ತಿ ಸವೆದ ಹೆಬ್ಬೆರಳು. ಗೆರೆ ಸರಿಯಾಗಿ ಮೂಡಲಿಲ್ಲ ಅಂತ ಇನ್ನೊಂದು ಸಲ ಒತ್ತಿದರು. ಆಮೇಲೆ ಮಡಚಿದ ಆಲ್ಬಂ ಕೇಳಿ ಇಸಿದುಕೊಂಡು, ಒಣಗಿದ ಬೇವಿನ ಸೊಪ್ಪಿನ ಜೊತೆ ಸೀರೆ ಟ್ರಂಕಿನಲ್ಲಿ ಇಟ್ಟರು. ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.