ಗ್ರೂಪಿಗೆ ಹೊಸಬರು: ತಡೆ ಎಲ್ಲಿರಬೇಕು?

ಚಳ್ಳಕೆರೆಯ ಶೇಂಗಾ ಧಾರಣೆ ರಾಂಪುರದ ರೈತರನ್ನು ತಲುಪುವ ಸುಲಭ ದಾರಿ ಈಗ ವಾಟ್ಸ್‌ಆ್ಯಪ್. ಲಿಂಕ್ ಒತ್ತಿದರೆ ಸಾಕು, ಗ್ರೂಪಿನ ಸದಸ್ಯ. ಊರು ಯಾವುದು, ಯಾರ ಪೈಕಿ ಎಂದು ಕೇಳುವವರಿಲ್ಲ. ಇಂಥ ಗ್ರೂಪುಗಳು ಬೆಳೆದದ್ದೇ ಆ ಸಲೀಸಿನಿಂದ. ಅದೇ ಲಿಂಕ್ ಹಿಡಿದು ‘ಪಿಎಂ ಕಿಸಾನ್’ ಹೆಸರಿನ ನಕಲಿ ಎಪಿಕೆ ಫೈಲೂ ಒಳಗೆ ಬರುತ್ತದೆ. ಇನ್‌ಸ್ಟಾಲ್ ಮಾಡಿದವರ ಒಟಿಪಿ ಕದ್ದು ಬ್ಯಾಂಕ್ ಖಾತೆಗೆ ಕೈಹಾಕುವ ಫೈಲದು. ಬೇಸತ್ತ ಅಡ್ಮಿನ್ ಲಿಂಕ್ ರದ್ದು ಮಾಡುತ್ತಾರೆ, ಇಲ್ಲವೇ ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಬಿಗಿ ಮಾಡುತ್ತಾರೆ. ಅಲ್ಲಿಗೆ ಗ್ರೂಪು ನೋಟಿಸ್ ಬೋರ್ಡು. ಎಲೆಚುಕ್ಕೆ ರೋಗಕ್ಕೆ ಏನು ಹೊಡೆಯಬೇಕು ಎಂದು ಕೇಳಬೇಕಾದವರಿಗೂ ಬಾಯಿಲ್ಲ.

ತಪಾಸಣೆಯನ್ನೆಲ್ಲ ಬಾಗಿಲಲ್ಲೇ ಮುಗಿಸುವ ಈ ಹಟ ಸಣ್ಣ ಗ್ರೂಪುಗಳದ್ದಷ್ಟೇ ಅಲ್ಲ. ಸೊಟ್ಟ ಅಕ್ಷರ ತೋರಿಸಿ ‘ನೀವು ಮನುಷ್ಯರೇ?’ ಎಂದು ಕೇಳುವ ಕ್ಯಾಪ್ಚಾವನ್ನೇ ನೋಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಇಂಥ ಅಕ್ಷರ ಬಿಡಿಸಲು ಮನುಷ್ಯರಿಗೆ 9ರಿಂದ 15 ಸೆಕೆಂಡ್ ಬೇಕು, ಅದರಲ್ಲೂ ತಪ್ಪುತ್ತಾರೆ. ಯಂತ್ರಗಳಿಗೆ ಒಂದು ಸೆಕೆಂಡೂ ಬೇಡ, ತಪ್ಪುವುದೂ ಅಪರೂಪ. ಯಾರನ್ನು ತಡೆಯಲು ಬಾಗಿಲು ಕಟ್ಟಿದರೋ ಅವರು ಮೊದಲೇ ಒಳಗಿರುತ್ತಾರೆ. ಹೊರಗೆ ಉಳಿಯುವವರು ಕನ್ನಡವನ್ನಷ್ಟೇ ಓದಬಲ್ಲವರು. ಆ ಸೊಟ್ಟ ಅಕ್ಷರಗಳು ಸಾಮಾನ್ಯವಾಗಿ ಇಂಗ್ಲಿಷಿನವು. ಖಾತೆ ತೆರೆಯಲು ಕೇಳುವ ಒಟಿಪಿಯ ಕಥೆಯೂ ಅಷ್ಟೇ. ಮನೆಗೆಲ್ಲ ಒಂದೇ ಮೊಬೈಲು, ಅದೂ ಗಂಡನ ಜೇಬಿನಲ್ಲಿ. ಮೊಳಕಾಲ್ಮೂರಿನ ರೇಷ್ಮೆ ಸೀರೆ ಮಾರಾಟದ ಗ್ರೂಪಿಗೆ ಅಂಥ ಮನೆಯ ನೇಕಾರ ಹೆಣ್ಣುಮಗಳು ಸೇರುವುದು ಹೇಗೆ?

ಬಾಗಿಲು ತೆರೆದಿಟ್ಟೇ ಹಾನಿ ತಗ್ಗಿಸುವ ದಾರಿಯಿದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಖಾತೆ ಯಾರು ಬೇಕಾದರೂ ತೆರೆಯಬಹುದು. ಆದರೆ ಖಾತೆಗೆ 4 ದಿನವಾಗಿ 10 ತಿದ್ದುಪಡಿ ಆಗುವವರೆಗೆ ಹೊಸ ಲೇಖನವನ್ನು ನೇರವಾಗಿ ಪ್ರಕಟಿಸುವಂತಿಲ್ಲ, ಸಂರಕ್ಷಿತ ಪುಟಗಳನ್ನು ಮುಟ್ಟುವಂತಿಲ್ಲ. ಗುರುತಿನ ಚೀಟಿ ಯಾರೂ ಕೇಳುವುದಿಲ್ಲ. ಕೇಳುವುದು ನಾಲ್ಕು ದಿನದ ಸಮಾಧಾನ. ಒಂದೇ ಗಂಟೆಯಲ್ಲಿ ನೂರು ಕಡೆ ಜಾಹೀರಾತು ಅಂಟಿಸಿ ಓಡುವವನಿಗೆ ಅದೇ ದುಬಾರಿ.

ವಾಟ್ಸ್‌ಆ್ಯಪ್ ಕೂಡ ಒಮ್ಮೆ ಇದೇ ದಾರಿ ಹಿಡಿದಿತ್ತು, ಜೀವಗಳು ಹೋದ ಮೇಲೆ. 2018ರ ಜುಲೈನಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬ ಗುಂಪಿನ ಹಲ್ಲೆಗೆ ಬಲಿಯಾದ. ದೇಶದ ಬೇರೆಡೆಯೂ ಇಂಥ ಕೊಲೆಗಳು ನಡೆದಿದ್ದವು. ಅದೇ ತಿಂಗಳು ಕಂಪನಿ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸುವುದಾಗಿ ಪ್ರಕಟಿಸಿತು. ಖಾತೆ ತೆರೆಯುವ ನಿಯಮ ಬಿಗಿಯಾಗಲಿಲ್ಲ, ಹರಡುವ ವೇಗಕ್ಕೆ ತಡೆ ಬಿತ್ತು.

ಗ್ರೂಪಿನೊಳಗೆ ಮಾತ್ರ ಆ ವಿವೇಕ ಬಂದಿಲ್ಲ. ಟೆಲಿಗ್ರಾಂನಲ್ಲಿ ಒಬ್ಬ ಸದಸ್ಯನಿಗಷ್ಟೇ ಫೈಲ್ ಹಾಕದಂತೆ ನಿರ್ಬಂಧಿಸಬಹುದು. ವಾಟ್ಸ್‌ಆ್ಯಪ್‌ನಲ್ಲಿ ಸೇರುವವರಿಗೆಲ್ಲ ಅಡ್ಮಿನ್ ಒಪ್ಪಿಗೆ ಬೇಕೆಂದು ಮಾಡಬಹುದು, ಆದರೆ ಅಡ್ಮಿನ್ ಎದುರು ಬರುವುದು ಒಂದು ನಂಬರು, ಒಂದು ಡಿಪಿ. ಅದರಿಂದ ಏನು ತಿಳಿದೀತು? ಮೊದಲ ವಾರ ಬರಹ ಮಾತ್ರ, ಲಿಂಕ್ ಮತ್ತು ಫೈಲ್ ಆಮೇಲೆ ಎಂಬ ಸೌಲಭ್ಯ ಕೊಡುವುದು ಅಂಥ ಕಂಪನಿಗೆ ದೊಡ್ಡ ಕೆಲಸವೇನಲ್ಲ.

ಎಲ್ಲವನ್ನೂ ಯಂತ್ರ ಸೋಸಲಿ ಎನ್ನುವವರಿಗೆ ರಾಂಪುರದ ಮಾತಿನ ಪರಿಚಯ ಇರಲಾರದು. ಆಂಧ್ರದ ಗಡಿಗೆ ಅಂಟಿದ ಊರು. ಒಂದೇ ಸಂದೇಶದಲ್ಲಿ ಕನ್ನಡ, ತೆಲುಗು ಎರಡೂ ಇರಬಹುದು, ಅವೂ ಇಂಗ್ಲಿಷ್ ಅಕ್ಷರಗಳಲ್ಲಿ. ಬೀಜದ ದರ ಕೇಳಿದ್ದು ಯಾವುದು, ನಕಲಿ ಬೀಜದ ಜಾಹೀರಾತು ಯಾವುದು ಎಂದು ಬಲ್ಲವರು ಊರಿನಲ್ಲೇ ಇದ್ದಾರೆ. ಗ್ರೂಪಿಗೆ ಒಬ್ಬರೇ ಅಡ್ಮಿನ್ ಇರುವ ಬದಲು ಅಂಥ ಮೂರ್ನಾಲ್ಕು ಮಂದಿಯನ್ನು ಅಡ್ಮಿನ್ ಮಾಡಬಹುದು. ಅದಕ್ಕೆ ಕಂಪನಿಯ ಅಪ್ಪಣೆಯನ್ನೂ ಕಾಯಬೇಕಿಲ್ಲ.