ಹಿಟ್ಟಿನ ಕೋಳಿಯೂ ಅಷ್ಟಾವಂಕನ ಮೈಯೂ

ಕ್ರಿ.ಶ. 1209ರಲ್ಲಿ ಜನ್ನ ಕವಿಯು ರಚಿಸಿದ 'ಯಶೋಧರ ಚರಿತೆ'ಯ ಕಥೆಯನ್ನು ಕೇಳದ ಕನ್ನಡ ಶ್ರಾವಕರು ವಿರಳ. ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿಗೊಟ್ಟ ಮಾತ್ರಕ್ಕೆ ಯಶೋಧರನೂ ಅವನ ತಾಯಿಯೂ ಭವಭವಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಕೊಲೆಗೀಡಾದರೆಂಬುದು ಅದರ ಸಾರ. ಅಹಿಂಸೆಯ ಉಪದೇಶಕ್ಕೆ ಇದಕ್ಕಿಂತ ತೀಕ್ಷ್ಣವಾದ ಕಥೆ ಬೇರೊಂದಿಲ್ಲವೆಂದು ಪ್ರವಚನಕಾರರು ಹೇಳುವುದು ಯುಕ್ತವೇ. ಆದರೆ ಅದೇ ಕಥೆಯಲ್ಲಿ ಮತ್ತೊಂದು ಜೀವವೂ ಇದೆ: ರಾಣಿ ಅಮೃತಮತಿಯು ಮೋಹಗೊಂಡ ಮಾವುತ ಅಷ್ಟಾವಂಕ. ಅವನ ಪರವಾಗಿ ಇದುವರೆಗೆ ಯಾರು ಮಾತನಾಡಿದ್ದಾರೆ?

ಈ ಕಥೆ ಒಬ್ಬ ಕವಿಯದಲ್ಲ. 959ರಲ್ಲಿ ಸೋಮದೇವಸೂರಿ ತನ್ನ 'ಯಶಸ್ತಿಲಕ'ದಲ್ಲಿ ಹೇಳಿದ. ಪುಷ್ಪದಂತನು ಅಪಭ್ರಂಶದಲ್ಲಿ ಹೇಳಿದ. ವಾದಿರಾಜನು ಸಂಸ್ಕೃತದಲ್ಲಿ ಹೇಳಿದ. ಜನ್ನನ ತರುವಾಯ ನಮ್ಮ ಕಾಲದಲ್ಲಿ ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ'ವೆಂಬ ನಾಟಕವಾಗಿಸಿದರು. ಹಳೆಯ ಕಥೆಯನ್ನು ಮೆಚ್ಚಿದವನು ಅದನ್ನು ತನ್ನದಾಗಿಸಿ ಮರಳಿ ಹೇಳುವುದು ಭಾರತೀಯ ಸಾಹಿತ್ಯದ ಹುಟ್ಟುಗುಣ. ಕಾರ್ನಾಡರು ರಾಣಿಯ ಅಂತರಂಗಕ್ಕೆ ನ್ಯಾಯ ದೊರಕಿಸಿದರು, ಮಾವುತನಿಗೂ ಮಾತು ಕೊಟ್ಟರು. ಆದರೂ ಅವನ ವಿಕಾರವಾದ ಮೈ ಮಾತ್ರ ಸಾವಿರ ವರ್ಷಗಳಿಂದ ಒಂದೇ ಕೆಲಸಕ್ಕೆ ಬಳಕೆಯಾಗುತ್ತ ಬಂದಿದೆ: ಹೆಣ್ಣೊಬ್ಬಳು ಎಷ್ಟು ಕೆಳಗೆ ಜಾರಿದಳೆಂಬುದನ್ನು ಅಳೆಯುವ ಅಳತೆಗೋಲಾಗಿ. ಅವನು ಸುಂದರನಾಗಿದ್ದಿದ್ದರೆ ರಾಣಿಯ ಅಪರಾಧ ಕಡಿಮೆಯಾಗುತ್ತಿತ್ತೇ? ಶೀಲಭಂಗಕ್ಕೂ ಮಾವುತನ ಬೆನ್ನಿನ ವಕ್ರತೆಗೂ ಯಾವ ಸಂಬಂಧವೂ ಇಲ್ಲ.

'ಅದು ಕೇವಲ ಕಥೆ. ಕಲ್ಪಿತ ಪಾತ್ರಕ್ಕೆ ನೋವೆಲ್ಲಿ?' ಎಂದು ಕೇಳುವವರಿದ್ದಾರೆ. ಬೇರೆಯವರು ಕೇಳಿದರೆ ಕೇಳಲಿ, ಜೈನರು ಹೀಗೆ ಕೇಳುವುದು ಅಚ್ಚರಿ. ಹಿಟ್ಟಿನ ಕೋಳಿಗೆ ಪ್ರಾಣವಿರಲಿಲ್ಲ. ಕತ್ತಿ ಎತ್ತಿದವನ ಸಂಕಲ್ಪದಲ್ಲಿ ಹಿಂಸೆಯಿತ್ತು. ಹಿಟ್ಟಿನ ಪ್ರತಿಮೆಯನ್ನು ಕಡಿದುದು ಹಿಂಸೆಯೆಂದಾದರೆ, ಮಾತಿನ ಪ್ರತಿಮೆಯೊಂದನ್ನು ಅಸಹ್ಯಕ್ಕೆಂದೇ ಕಡೆದು ನಿಲ್ಲಿಸುವುದು ಯಾವ ಲೆಕ್ಕಕ್ಕೆ ಸೇರುತ್ತದೆ? ಸಭೆಯ ಮೂಲೆಯಲ್ಲಿ ಗೂನುಬೆನ್ನಿನ ಶ್ರೋತೃವೊಬ್ಬನು ಕುಳಿತಿರುವಾಗ ಆ ಪ್ರತಿಮೆ ಹಿಟ್ಟಿನದಾಗಿಯೂ ಉಳಿಯುವುದಿಲ್ಲ.

ಇನ್ನು ಕರ್ಮಸಿದ್ಧಾಂತವನ್ನು ಮುಂದಿಟ್ಟು 'ಪೂರ್ವಪಾಪದ ಫಲ' ಎಂದು ಕೈತೊಳೆದುಕೊಳ್ಳುವವರು ಶಾಸ್ತ್ರವನ್ನು ಅರ್ಧಕ್ಕೇ ಮುಚ್ಚಿಟ್ಟವರು. ದೇಹದ ಆಕಾರವು ನಾಮಕರ್ಮದ ಉದಯ. ನಾಮಕರ್ಮವು ಅಘಾತಿ, ಆತ್ಮದ ಜ್ಞಾನದರ್ಶನಗಳನ್ನು ಅದು ಮುಟ್ಟದು. ಸಂಸ್ಥಾನಗಳು ಆರು; ಕುಬ್ಜ, ವಾಮನ, ಹುಂಡಗಳೂ ಅವುಗಳಲ್ಲಿ ಸೇರಿವೆ. ಈ ಆರರ ಉದಯವೂ ಹದಿಮೂರನೆಯ ಗುಣಸ್ಥಾನದವರೆಗೆ ಇರುತ್ತದೆಂದು ಕರ್ಮಗ್ರಂಥಗಳು ಹೇಳುತ್ತವೆ. ಅಂದರೆ ಗೂನುಬೆನ್ನಿನವನೂ ಕುಳ್ಳನೂ ಆ ದೇಹದಲ್ಲಿದ್ದುಕೊಂಡೇ ಕೇವಲಜ್ಞಾನಿಯಾಗಬಲ್ಲನು. ಕೇವಲಿಗೆ ಅಡ್ಡಿಯಾಗದ ಮೈ ಕಥೆಗಾರನಿಗೆ ಪಾಪದ ಗುರುತಾಗಿ ಕಾಣುವುದಾದರೆ ದೋಷವು ಯಾರ ದೃಷ್ಟಿಯದು?

ಹೆಸರುಗಳ ವಿಚಾರವೂ ಇಲ್ಲಿಯೇ ಬರುತ್ತದೆ. ಒಕ್ಕಣ್ಣನನ್ನು ಒಕ್ಕಣ್ಣನೆಂದೂ ರೋಗಿಯನ್ನು ರೋಗಿಯೆಂದೂ ಕರೆಯಬಾರದೆಂದು 'ದಶವೈಕಾಲಿಕ'ವು ಸಾಧುಗಳಿಗೆ ವಿಧಿಸಿದೆ. ಇದ್ದುದನ್ನೇ ಹೇಳಿದರೂ ಪ್ರಾಣಿಗೆ ಪೀಡೆಯಾಗುವಂತಿದ್ದರೆ ಅದು ಅಸತ್ಯವೇ ಎಂದು ಪೂಜ್ಯಪಾದರು 'ಸರ್ವಾರ್ಥಸಿದ್ಧಿ'ಯಲ್ಲಿ ನಿರ್ಣಯಿಸಿದ್ದಾರೆ. ಸರ್ಕಾರಗಳು ಈ ಮಾರ್ಗವನ್ನು ಬಹಳ ತಡವಾಗಿ ಹಿಡಿದವು. ಹಿಡಿದ ಮೇಲೂ ಎಡವಿದವು. 'ಅಂಗವಿಕಲ' ಎಂಬುದನ್ನು ಬಿಟ್ಟು ಕರ್ನಾಟಕದಲ್ಲಿ 'ವಿಕಲಚೇತನ' ಎಂದರು. ವಿಕಲವಾಗಿರುವುದು ಅಂಗವೇ ಹೊರತು ಚೇತನವಲ್ಲ. ಚೇತನವೇ ಜೀವದ ಲಕ್ಷಣವೆಂದು ಬಲ್ಲವರಾರೂ ಈ ಸಮಾಸವನ್ನು ಒಪ್ಪಲಾರರು. (ಶಾಸ್ತ್ರದಲ್ಲಿ 'ವಿಕಲೇಂದ್ರಿಯ'ವೆಂದರೆ ಎರಡರಿಂದ ನಾಲ್ಕು ಇಂದ್ರಿಯಗಳುಳ್ಳ ಜೀವಿಗಳು ಮಾತ್ರ, ಕಣ್ಣಿಲ್ಲದ ಮನುಷ್ಯನು ಪಂಚೇಂದ್ರಿಯನೇ.) 2015ರ ಡಿಸೆಂಬರ್‌ನಲ್ಲಿ ಪ್ರಧಾನಿಯವರು 'ದಿವ್ಯಾಂಗ' ಪದವನ್ನು ಸೂಚಿಸಿದರು. ನಡೆಯಲಾಗದ ಕಾಲಿಗೆ ದಿವ್ಯತೆಯನ್ನು ಆರೋಪಿಸುವುದು ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರು ಕಟ್ಟುವುದಕ್ಕಿಂತ ಅಗ್ಗ. 2016ರ ಅಧಿನಿಯಮವು ವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿ ಹಕ್ಕುಗಳನ್ನು ಹೇಳಿತು. ಜನರ ಬಾಯಲ್ಲಿ ಉಳಿದದ್ದು ಹೊಸ ಹೆಸರಷ್ಟೇ.

ಹಾಗಾದರೆ ಹಳೆಯ ಪದಗಳೆಲ್ಲ ತ್ಯಾಜ್ಯವೇ? ಡಂಬಳದಂಥ ಊರುಗಳ ಒಕ್ಕಲು ಮನೆಗಳು ಇದಕ್ಕೆ ಬೇರೊಂದು ಉತ್ತರವನ್ನು ಬಲ್ಲವು. ಎತ್ತನ್ನೇರಿ, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಬಂದು ಮನೆತನದ ಏಳು ತಲೆಮಾರುಗಳ ಹೆಸರನ್ನು ಒಪ್ಪಿಸುತ್ತಿದ್ದವರು ಹೆಳವರು. ಹೆಳವನೆಂದರೆ ಕುಂಟ. ಬೈಗುಳವಾಗಬಹುದಾಗಿದ್ದ ಪದವನ್ನು ಒಂದು ಸಮುದಾಯವೇ ಕುಲನಾಮವಾಗಿ ಧರಿಸಿತು. ಆ ಹೆಸರಿನವನು ಅಂಗಳಕ್ಕೆ ಬಂದರೆ ಮನೆಯ ಯಜಮಾನನು ತನ್ನ ಅಜ್ಜನ ಹೆಸರನ್ನು ಅವನಿಂದ ಕೇಳಿ ತಿಳಿಯಬೇಕಾಗಿತ್ತು. ಪದವನ್ನು ಹೊತ್ತವನು ಅದನ್ನು ತನ್ನದೆನ್ನುವುದಕ್ಕೂ ದಾರಿಹೋಕನು ಅದನ್ನು ಕಲ್ಲಿನಂತೆ ಎಸೆಯುವುದಕ್ಕೂ ಇರುವ ಅಂತರವನ್ನು ತತ್ತ್ವಾರ್ಥಸೂತ್ರದ 'ಪ್ರಮತ್ತಯೋಗ' ಎಂಬ ಒಂದೇ ಮಾತು ತೋರಿಸಿಕೊಡುತ್ತದೆ. ದಶವೈಕಾಲಿಕದ ನಿಷೇಧವಿರುವುದು ಕರೆಯುವವನ ನಾಲಗೆಗೆ. ತನ್ನನ್ನು ತಾನು ಕುರುಡನೆಂದು ಹೇಳಿಕೊಳ್ಳುವವನನ್ನು ತಿದ್ದಲು ಹೋಗುವ ಸಭ್ಯರು ಅವನಿಂದ ಪದವನ್ನೂ ಕಸಿಯುತ್ತಾರೆ.

ಡಂಬಳಕ್ಕೆ ಸಮೀಪದ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಿದೆ. ಪಂಚಾಕ್ಷರಿ ಗವಾಯಿಗಳು (1892–1944), ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010), ಇಬ್ಬರೂ ಅಂಧರು. ಅಂಧ ಮಕ್ಕಳಿಗೆ ಅಲ್ಲಿ ಸಂಗೀತವನ್ನು ಕಲಿಸಿ ಬದುಕು ಕೊಟ್ಟವರು. ಅವರ ಚರಿತ್ರೆಯನ್ನು ಹೇಳುವವರು 'ಕಣ್ಣಿಲ್ಲದಿದ್ದರೂ' ಎಂದು ಆರಂಭಿಸಿ ಪವಾಡದಲ್ಲಿ ಮುಗಿಸುತ್ತಾರೆ. ಹಗಲಿರುಳಿನ ಸಾಧನೆ, ಶಿಷ್ಯರ ಅನ್ನಕ್ಕಾಗಿ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದ ಶ್ರಮ ಇವೆಲ್ಲ ಪವಾಡದ ಬೆಳಕಿನಲ್ಲಿ ಮಸುಕಾಗುತ್ತವೆ. ಅಷ್ಟಾವಂಕನನ್ನು ಕೆಳಕ್ಕೆ ತಳ್ಳಿದ ಕೈಯೇ ಗವಾಯಿಗಳನ್ನು ಮೇಲಕ್ಕೆತ್ತುತ್ತದೆ. ಎರಡರಲ್ಲಿಯೂ ಮನುಷ್ಯನು ಕಣ್ಮರೆಯಾಗುತ್ತಾನೆ.

2024ರ ಜುಲೈ 8ರಂದು ಸರ್ವೋಚ್ಚ ನ್ಯಾಯಾಲಯವು ಚಲನಚಿತ್ರಗಳಲ್ಲಿ ವಿಕಲಾಂಗರ ಚಿತ್ರಣವನ್ನು ಕುರಿತು ಮಾರ್ಗಸೂಚಿಗಳನ್ನು ನೀಡಿ, ವೈಕಲ್ಯವನ್ನು ಅರಿಯಲು ನೆರವಾಗುವ ಹಾಸ್ಯಕ್ಕೂ ವಿಕಲಾಂಗರನ್ನು ಹೀಯಾಳಿಸುವ ಹಾಸ್ಯಕ್ಕೂ ಭೇದವನ್ನೆಣಿಸಿತು. ನಿರ್ವಿಚಿಕಿತ್ಸೆಯನ್ನು ಸಮ್ಯಗ್ದರ್ಶನದ ಅಂಗವೆಂದು ಪಾಠಶಾಲೆಯಲ್ಲಿಯೇ ಕಂಠಪಾಠ ಮಾಡಿಸುವ ಸಮಾಜಕ್ಕೆ ಇದನ್ನು ನ್ಯಾಯಾಲಯವು ಹೇಳಿಕೊಡಬೇಕಾಗಿರಲಿಲ್ಲ.

ಜನ್ನನ ಕಾವ್ಯದಲ್ಲಿ ಒಂದು ಸೂಕ್ಷ್ಮವಿದೆ. ರಾಣಿಯು ಮಾವುತನನ್ನು ಕಾಣುವ ಮೊದಲು ಅವನ ಗಾನವನ್ನು ಕೇಳುತ್ತಾಳೆ. ಅವನ ಮೈಯ ವರ್ಣನೆ ಬರುವುದು ನೋಡಿಬರಲು ಹೋದ ಕೆಳದಿಯ ಬಾಯಿಂದ, ಅವಳ ಹೇಸಿಗೆಯೊಡನೆ. ಎಂಟುನೂರು ವರ್ಷಗಳಿಂದ ಪ್ರವಚನಪೀಠವು ಅಷ್ಟಾವಂಕನನ್ನು ನೋಡುತ್ತಿರುವುದು ಆ ಕೆಳದಿಯ ಕಣ್ಣಿನಿಂದ. ಅವನು ಹಾಡಿದ್ದನ್ನು ಕೇಳಿಸಿಕೊಂಡವಳು ರಾಣಿಯೊಬ್ಬಳೇ.